ಮಾಸ್ತಿಯವರ ಇಸ್ಪೀಟು

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1943ರಲ್ಲಿ ಮೈಸೂರು ಸಂಸ್ಥಾನದ ಸೇವೆಯನ್ನು ತೊರೆದರು. ತಮಗೆ ಸಲ್ಲಬೇಕಾಗಿದ್ದ ಮಂತ್ರಿಸಮಾನ ಪದವಿ ಕಿರಿಯರೊಬ್ಬರಿಗೆ ಸಂದುದೇ ಕಾರಣ. ಹೀಗೆ ನೊಂದು ಹೊರಬಂದವರ ವಿಶ್ರಾಂತ ಜೀವನ ಬಹುಮಟ್ಟಿಗೆ ಹಳೆಯ ಕಡತಗಳಿಗೆ ಬರೆದ ವ್ಯಾಖ್ಯಾನವಾಗಿಬಿಡುತ್ತದೆ. ಮಾಸ್ತಿಯವರದು ಹಾಗಾಗಲಿಲ್ಲ.

ಮುಂದಿನ 43 ವರ್ಷಗಳ ಫಲವಾದ ‘ಚೆನ್ನಬಸವನಾಯಕ’, ‘ಚಿಕವೀರ ರಾಜೇಂದ್ರ’, ‘ಭಾವ’ದ ಸಂಪುಟಗಳು ಸಂಶೋಧಕರ ಗಣನೆಗೆ ಬಂದಿವೆ. ಗವಿಪುರದ ಮನೆಯಿಂದ ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ನಡೆದುಹೋಗಿ, ಗೆಳೆಯರೊಡನೆ ಇಸ್ಪೀಟಾಡುತ್ತಿದ್ದ ಸಂಜೆಗಳು ಮಾತ್ರ ವಿನೋದಪ್ರಸಂಗಗಳಾಗಿಯೇ ಉಳಿದಿವೆ. ಮಹಾಕವಿಗಳ ಏಕಾಂತಕ್ಕೆ ಅಧ್ಯಾಯಗಳನ್ನೇ ಮೀಸಲಿಡುವ ನಮ್ಮ ಪ್ರಬಂಧಗಳಿಗೆ ಇಸ್ಪೀಟಿನ ಮೇಜು ಕೊಂಚ ಮುಜುಗರವೇನೋ!

ಇದು ಸರಿಯಲ್ಲ. ಅವರ ಕತೆಗಳಲ್ಲಿ ಸ್ನೇಹಿತರು ಕುಳಿತು ಹೇಳಿಕೊಳ್ಳುವ ಮಾತಿನ ಧಾಟಿಯನ್ನು ವಿಮರ್ಶೆ ಮೆಚ್ಚಿದೆ. ಆ ಧಾಟಿ ಮೊದಲಿನಿಂದಲೂ ಇದ್ದುದು ನಿಜ. ನಿವೃತ್ತಿ ಅದಕ್ಕೆ ದಿನದಿನದ ನೆಲೆಯೊಂದನ್ನು ಒದಗಿಸಿತು. ಕೃತಿಯಲ್ಲಿ ಪ್ರಸನ್ನತೆಯೆಂದು ಹೊಗಳಿಸಿಕೊಳ್ಳುವ ಗುಣ ಬದುಕಿನಲ್ಲಿ ಕಂಡಾಗ ಅಡಿಟಿಪ್ಪಣಿಗೆ ಏಕೆ ಸರಿಯಬೇಕು? ‘ಚಿಕವೀರ ರಾಜೇಂದ್ರ’ಕ್ಕೆ ಜ್ಞಾನಪೀಠ ಸಂದುದು 1983ರಲ್ಲಿ, ಅವರು ತೊಂಬತ್ತು ದಾಟಿದ ಮೇಲೆ. ಕ್ಲಬ್ಬಿನ ಸಂಜೆಗಳಿಗೆ ಅಷ್ಟರಲ್ಲಿ ದಶಕಗಳೇ ತುಂಬಿದ್ದವು.