ಸಾಯದ ಕೋಶ, ಮಾರದ ವಿದ್ಯೆ

ರೋಗಾಣು ದೇಹವನ್ನು ಹೊಕ್ಕರೆ ಕೆಲವು ಬಿಳಿ ರಕ್ತಕಣಗಳು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತವೆ. ಒಂದು ಕಣ ಮಾಡುವುದು ಒಂದೇ ಬಗೆಯ ಪ್ರತಿಕಾಯವನ್ನು. ರಕ್ತದಲ್ಲಿಯಾದರೋ ಎಲ್ಲವೂ ಬೆರೆತಿರುತ್ತವೆ. ಬೇಕಾದ ಒಂದನ್ನೇ ಪಡೆಯುವುದು ಹೇಗೆ? ಆ ಕಣವನ್ನು ಹೊರತೆಗೆದು ಬೆಳೆಸೋಣವೆಂದರೆ ಅದು ಬೇಗನೆ ಸಾಯುತ್ತದೆ.

ಈ ತೊಡಕನ್ನು ಬಿಡಿಸಿದವರಲ್ಲಿ ಪ್ರಮುಖರು ಸೀಸರ್ ಮಿಲ್‌ಸ್ಟೈನ್. ಹುಟ್ಟಿದ್ದು 1927ರಲ್ಲಿ, ಅರ್ಜೆಂಟೀನಾದಲ್ಲಿ. ಅಲ್ಲಿ 1962ರ ಸೇನಾದಂಗೆಯ ನಂತರ ಸಹೋದ್ಯೋಗಿಗಳನ್ನು ಕೆಲಸದಿಂದ ತೆಗೆದಾಗ, ಅದನ್ನು ಪ್ರತಿಭಟಿಸಿ ರಾಜೀನಾಮೆಯಿತ್ತು ಇಂಗ್ಲೆಂಡಿನ ಕೇಂಬ್ರಿಜ್ ಸೇರಿದರು. ಔಷಧ ತಯಾರಿಕೆ ಅವರ ಗುರಿಯಾಗಿರಲಿಲ್ಲ. ಪ್ರತಿಕಾಯಗಳಲ್ಲಿ ಇಷ್ಟೊಂದು ವೈವಿಧ್ಯ ಹೇಗೆ ಬಂತೆಂಬುದೇ ಅವರ ಕುತೂಹಲ.

ಜರ್ಮನಿಯ ತರುಣ ಜಾರ್ಜ್ ಕೋಹ್ಲರ್ ಜೊತೆಗೂಡಿದರು. ಕುರಿಯ ಕೆಂಪು ರಕ್ತಕಣಗಳನ್ನು ಚುಚ್ಚಿದ್ದ ಇಲಿಯ ಗುಲ್ಮದಿಂದ ಪ್ರತಿಕಾಯ ಮಾಡುವ ಕೋಶಗಳನ್ನು ತೆಗೆದು, ಕೊನೆಯಿಲ್ಲದೆ ವಿಭಜಿಸುವ ಕ್ಯಾನ್ಸರ್ ಕೋಶಗಳೊಡನೆ ಬೆಸೆದರು. ಹುಟ್ಟಿದ ಸಂಕರ ಕೋಶಕ್ಕೆ ಒಂದರ ಕಸುಬೂ ಇನ್ನೊಂದರ ಆಯುಷ್ಯವೂ ಬಂದವು. ಅಂಥ ಒಂದು ಕೋಶದ ಸಂತತಿಯೆಲ್ಲ ಒಂದೇ ಪ್ರತಿಕಾಯವನ್ನು ಸುರಿಸುತ್ತದೆ. ಇದೇ ಮಾನೋಕ್ಲೋನಲ್ ಪ್ರತಿಕಾಯ.

1975ರಲ್ಲಿ ಈ ವಿಧಾನ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ಅಧಿಕಾರಿಗಳಿಗೆ ಅದರಲ್ಲಿ ತಕ್ಷಣದ ಉಪಯೋಗವೇನೂ ಕಾಣಲಿಲ್ಲ, ಪೇಟೆಂಟ್ ಪಡೆಯಲಿಲ್ಲ. ಮಿಲ್‌ಸ್ಟೈನ್ ಕೋಶಗಳನ್ನು ಕೇಳಿದ ಪ್ರಯೋಗಶಾಲೆಗಳಿಗೆ ಕಳಿಸಿಕೊಟ್ಟರು. 1984ರಲ್ಲಿ ನೀಲ್ಸ್ ಯೆರ್ನೆಯವರೊಡನೆ ಇಬ್ಬರಿಗೂ ನೊಬೆಲ್ ಸಂದಿತು.

1986ರಲ್ಲಿ ಅಮೆರಿಕದಲ್ಲಿ ಇಂಥ ಮೊದಲ ಔಷಧಕ್ಕೆ ಅನುಮತಿ ದೊರೆಯಿತು. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ತಡೆಯುವುದು ಅದರ ಕೆಲಸ. ಇಂದು ಔಷಧದಂಗಡಿಯ ಗರ್ಭಪರೀಕ್ಷೆಯ ಪಟ್ಟಿಯಲ್ಲಿಯೂ, ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿಯೂ ಇರುವುದು ಈ ಪ್ರತಿಕಾಯಗಳೇ. ಮಿಲ್‌ಸ್ಟೈನ್ 2002ರಲ್ಲಿ ತೀರಿಕೊಂಡರು. ಉಪಯೋಗವೇನೆಂದು ಮೊದಲೇ ಕೇಳಿ ಹಣ ಕೊಡುವವರು ನೆನಪಿಡಬೇಕಾದ ಹೆಸರು ಅದು.