ಬೇಸರಕ್ಕೆ ಮದ್ದು ಬದಲಾವಣೆಯೆ?



ನಮ್ಮ ಮಠದ ಉಚಿತ ಪ್ರಸಾದನಿಲಯದಲ್ಲಿದ್ದು ಓದಿ, ಈಗ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬರು ಕೆಲವು ತಿಂಗಳ ಹಿಂದೆ ದರ್ಶನಕ್ಕೆ ಬಂದಿದ್ದರು. ವಿದ್ಯಾರ್ಥಿದೆಸೆಯಲ್ಲಿ ನಿಲಯದ ಕೈಬರಹದ ಪತ್ರಿಕೆಗೆ ತಪ್ಪದೆ ಪದ್ಯ ಬರೆಯುತ್ತಿದ್ದವರು. “ಅಪ್ಪಾವರೆ, ಆರು ವರ್ಷವಾಯಿತು, ಒಂದು ಸಾಲೂ ಹುಟ್ಟಿಲ್ಲ. ಅದೇ ಗಂಟೆ, ಅದೇ ಪಾಠ, ಅದೇ ಟಿಪ್ಪಣಿ. ಎಲ್ಲಿಗಾದರೂ ಹೋಗಿ ಬಾ, ಮನಸ್ಸು ತಿಳಿಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೋಗಿ ಬರಲೆ?” ಎಂದು ಕೇಳಿದರು. ಇದು ಅವರೊಬ್ಬರ ಪ್ರಶ್ನೆಯಲ್ಲ. ಅಂಗಡಿಯಲ್ಲಿ ಕುಳಿತವರು, ಕಚೇರಿಯಲ್ಲಿ ದುಡಿಯುವವರು, ಸಂಸಾರ ನಡೆಸುವ ತಾಯಂದಿರು ನಮ್ಮೆದುರು ಇದನ್ನೇ ತೋಡಿಕೊಳ್ಳುತ್ತಾರೆ. ಅವರೆಲ್ಲರಿಗೂ ಲೋಕವು ಕೊಡುತ್ತಿರುವ ಮದ್ದು ಒಂದೇ: ಬದಲಾವಣೆ. ಊರು ಬದಲಿಸು, ಉದ್ಯೋಗ ಬದಲಿಸು, ಹವ್ಯಾಸ ಬದಲಿಸು. ಈ ಮದ್ದು ರೋಗವನ್ನು ಬೆಳೆಸುವುದೇ ಹೊರತು ಕಳೆಯುವುದಿಲ್ಲವೆಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಗಾಣದ ಎತ್ತನ್ನು ನೋಡಿ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅದು ದಿನವಿಡೀ ಸುತ್ತುತ್ತದೆ. ಗಾಣವನ್ನು ಈ ಊರಿನಿಂದ ಆ ಊರಿಗೆ ಸಾಗಿಸಿದ ಮಾತ್ರಕ್ಕೆ ಎತ್ತಿನ ಕಣ್ಣುಪಟ್ಟಿ ಕಳಚೀತೆ? ರೈತನೂ ವರ್ಷವರ್ಷವೂ ಅದೇ ಹೊಲವನ್ನು ಉಳುತ್ತಾನೆ. ಆದರೆ ಬಿತ್ತುವ ಮುನ್ನ ಹಿಡಿ ಮಣ್ಣನ್ನು ಕೈಗೆತ್ತಿಕೊಂಡು ಹದ ನೋಡುತ್ತಾನೆ. ಅವನಿಗೆ ಹೊಲ ಹಳೆಯದಾಗುವುದಿಲ್ಲ. ದೋಷವಿರುವುದು ಪುನರಾವೃತ್ತಿಯಲ್ಲಿ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ಯೋಗಸೂತ್ರದ ಮೊದಲ ಪಾದದಲ್ಲಿ ಪತಂಜಲಿ ಮಹರ್ಷಿಗಳು ಚಿತ್ತವನ್ನು ಚದುರಿಸುವ 9 ಅಂತರಾಯಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಆಲಸ್ಯ ಬೇರೆ, ಸ್ತ್ಯಾನ ಬೇರೆ. ಆಲಸ್ಯವು ದೇಹ ಮತ್ತು ಚಿತ್ತಗಳ ಭಾರ. ಸ್ತ್ಯಾನವು ಚಿತ್ತವು ಕೆಲಸಕ್ಕೆ ಏಳದಿರುವ ಸ್ಥಿತಿ. ಮೈ ಬೆವರಿಳಿಸಿ ದುಡಿಯುತ್ತಿರುವಾಗಲೂ ಮನಸ್ಸು ಮರಗಟ್ಟಿರಬಹುದು. ಆದುದರಿಂದಲೇ ನಮ್ಮ ಅಧ್ಯಾಪಕರಂಥ ಶ್ರಮಜೀವಿಗಳಿಗೆ ‘ಸೋಮಾರಿತನ ಬಿಡು’ ಎಂದು ಹೇಳುವುದು ಅನ್ಯಾಯ. ಅದೇ ಪಟ್ಟಿಯ ಕೊನೆಯ ಹೆಸರು ಅನವಸ್ಥಿತತ್ವ, ಎಂದರೆ ದೊರೆತ ನೆಲೆಯಲ್ಲಿ ಚಿತ್ತವು ನಿಲ್ಲದಿರುವುದು. ಲೋಕವು ಯಾವುದನ್ನು ಔಷಧವೆಂದು ಮಾರುತ್ತಿದೆಯೋ ಅದನ್ನು ಮಹರ್ಷಿಗಳು ರೋಗಗಳ ಸಾಲಿನಲ್ಲಿ ಇರಿಸಿದ್ದಾರೆ! (ನಿದ್ರೆ ಕೆಟ್ಟು, ಅನ್ನ ಸೇರದೆ, ಬದುಕೇ ಬೇಡವೆನಿಸುವವರ ಮಾತು ಬೇರೆ. ಅಂಥವರು ಸಂಕೋಚವಿಲ್ಲದೆ ವೈದ್ಯರನ್ನು ಕಾಣಬೇಕು. ಉಪದೇಶ ಅವರಿಗೆ ಚಿಕಿತ್ಸೆಯಾಗದು.)

ಹಾಗಾದರೆ ಈ ಜಡತೆ ಕಳೆಯುವುದು ಹೇಗೆ? ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮೇಶ್ವರರನ್ನು ನೆನೆಯೋಣ. 12ನೆಯ ಶತಮಾನದಲ್ಲಿ ಕೆರೆ ಕಟ್ಟಿಸಿ, ಗುಡಿ ಎತ್ತಿಸಿ, ಲಿಂಗಗಳನ್ನು ಪ್ರತಿಷ್ಠಾಪಿಸಿ ಜನೋಪಕಾರದಲ್ಲಿ ಮುಳುಗಿದ್ದವರು. ಅವರಿಗಿಂತ ಒಳ್ಳೆಯ ಕೆಲಸ ಮಾಡುತ್ತಿದ್ದವರು ಯಾರು? ಆದರೂ ಅಲ್ಲಮಪ್ರಭುಗಳು ಅಲ್ಲಿಗೆ ಬಂದವರು ಹಾರ ಹಾಕಿ ಹೊಗಳಲಿಲ್ಲ. ಕೆರೆ ಅಗೆಯುವವರ ಒಡೆಯನೆಂದು ಮೂದಲಿಸಿದರು. ಕೆಲಸಗಾರರು ಸಿಟ್ಟಿಗೆದ್ದು ಕಲ್ಲು ಬೀರಿದರು. ಸಿದ್ಧರಾಮರೂ ಕೆರಳಿದರು. ವಾದ ನಡೆಯಿತು. ಕೊನೆಗೆ ಅವರು ಕಲ್ಯಾಣಕ್ಕೆ ಬಂದು, ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು. ಮುಂದೆ ಶೂನ್ಯಪೀಠವನ್ನೇ ಏರಿದರು.

ಈ ಪ್ರಸಂಗದ ಒಳಹುರುಳು ಏನು? ಕೆರೆ ಬೇಡವೆಂಬುದು ಪ್ರಭುಗಳ ಮಾತಿನ ತಾತ್ಪರ್ಯವಲ್ಲವೆಂದು ನಾವು ತಿಳಿದಿದ್ದೇವೆ. ಒಳ್ಳೆಯ ಕೆಲಸವೇ ಕಣ್ಣುಪಟ್ಟಿಯಾಗಬಲ್ಲದೆಂಬುದನ್ನು ಅವರು ಕಂಡಿದ್ದರು. ಕೆಟ್ಟ ಚಾಳಿಯನ್ನು ಊರೇ ಎತ್ತಿ ತೋರಿಸುತ್ತದೆ. ಒಳ್ಳೆಯ ಚಾಳಿಗಾದರೋ ಊರು ಸನ್ಮಾನ ಮಾಡುತ್ತದೆ. ಸನ್ಮಾನಿತನನ್ನು ಪ್ರಶ್ನಿಸುವವರು ಯಾರು? ಪ್ರಶ್ನಿಸುವವನೊಬ್ಬ ಬಂದಾಗ ಕಲ್ಲು ಬೀರುವವರೇ ಹೆಚ್ಚು. ಶಿವಗಣಪ್ರಸಾದಿ ಮಹಾದೇವಯ್ಯನವರು 15ನೆಯ ಶತಮಾನದಲ್ಲಿ ಮೊದಲು ಸಂಕಲಿಸಿದ ಶೂನ್ಯಸಂಪಾದನೆಯು ಆದಿಯಿಂದ ಅಂತ್ಯದವರೆಗೆ ಸಂವಾದರೂಪದಲ್ಲಿರುವುದು ಆಕಸ್ಮಿಕವಲ್ಲ. ಒಬ್ಬನ ಜಡತೆ ಇನ್ನೊಬ್ಬನ ಪ್ರಶ್ನೆಯಿಂದ ಒಡೆಯುತ್ತದೆ. ಅನುಭಾವಗೋಷ್ಠಿಯ ಮರ್ಮವೇ ಇದು.

ಆ ಪ್ರಶ್ನೆ ಗುರುವಿನಿಂದಲೇ ಬರಬೇಕೆಂದಿಲ್ಲ. ಆಯ್ದಕ್ಕಿ ಮಾರಯ್ಯನವರು ಪ್ರಭುಗಳ ಅನುಭಾವವನ್ನು ಕೇಳುತ್ತ ಕಾಯಕವನ್ನೇ ಮರೆತು ಕುಳಿತಾಗ ಎಚ್ಚರಿಸಿದವರು ಮಡದಿ ಲಕ್ಕಮ್ಮನವರು. ಅವಸರದಲ್ಲಿ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಕಳಿಸಿದವರೂ ಅವರೇ. ಸತ್ಸಂಗದಲ್ಲಿ ಕೂರುವುದೂ ಜಡವಾಗಬಹುದು. ಅದನ್ನು ಸರಿಗಟ್ಟಲು ಇಮ್ಮಡಿ ದುಡಿಯುವುದೂ ತಪ್ಪಬಹುದು. ನಿಮ್ಮ ಮನೆಯಲ್ಲಿ ಹೀಗೆ ಹೇಳುವ ಅಧಿಕಾರವನ್ನು ಯಾರಿಗೆ ಕೊಟ್ಟಿದ್ದೀರಿ? ಯೋಚಿಸಿ.

ಅನ್ಯರನ್ನು ಟೀಕಿಸುವ ಮೊದಲು ನಮ್ಮ ದೋಷವನ್ನು ಒಪ್ಪಿಕೊಳ್ಳುವುದು ಧರ್ಮ. ಶ್ರಾವಣಮಾಸದ ಪ್ರವಚನಕ್ಕೆ ನಾವು ಅನೇಕ ವರ್ಷ ಒಂದೇ ಟಿಪ್ಪಣಿ ಪುಸ್ತಕವನ್ನು ಬಳಸಿದೆವು. ಅದೇ ವಚನ, ಅದೇ ದೃಷ್ಟಾಂತ, ಅದೇ ಸ್ಥಳದಲ್ಲಿ ಅದೇ ನಗು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ವೃದ್ಧ ತಾಯಿಯೊಬ್ಬರು ನಾವು ಹೇಳುವ ಮುನ್ನವೇ ವಾಕ್ಯವನ್ನು ಪೂರ್ಣಗೊಳಿಸುತ್ತಿದ್ದರು. ನಮಗೆ ಹೆಮ್ಮೆಯಾಗುತ್ತಿತ್ತು! ಮಂಗಲದ ದಿನ ಆಕೆ ಪಾದಕ್ಕೆರಗಿ, “ಅಪ್ಪಾರ, ಈ ಮಾತು ಹೋದ ವರ್ಷಾನೂ ಕೇಳೀನ್ರಿ. ಇದರ ಮುಂದಿಂದು ಯಾವಾಗ ಹೇಳ್ತೀರಿ?” ಎಂದರು. ವಿಶ್ವವಿದ್ಯಾನಿಲಯದ ಯಾವ ಪರೀಕ್ಷೆಯಲ್ಲಿಯೂ ನಾವು ಅಷ್ಟು ನಿರುತ್ತರರಾಗಿರಲಿಲ್ಲ. ಮುಂದಿನದು ನಮ್ಮಲ್ಲಿ ಇರಲಿಲ್ಲ. ಆ ರಾತ್ರಿ ಟಿಪ್ಪಣಿ ಪುಸ್ತಕವನ್ನು ಬದಿಗಿಟ್ಟು ಮೂಲ ವಚನಗಳನ್ನು ವಿದ್ಯಾರ್ಥಿಯಂತೆ ಓದಲು ತೊಡಗಿದೆವು. ನಡುವಯಸ್ಸಿನಲ್ಲಿ ಅದು ಸುಲಭವಾಗಲಿಲ್ಲ. ತಿಳಿದಿದೆಯೆಂದುಕೊಂಡ ವಚನಗಳೇ ಮೊದಲು ಬಾಗಿಲು ಮುಚ್ಚಿದವು.

ಎಷ್ಟು ಮಂದಿ ಪ್ರವಚನಕಾರರು, ಎಷ್ಟು ಮಂದಿ ಮಠಾಧಿಪತಿಗಳು ಇದೇ ಗಾಣಕ್ಕೆ ಕಟ್ಟಿಸಿಕೊಂಡಿಲ್ಲ? ಕಳೆದ ಶತಮಾನದ ಆದಿಯಲ್ಲಿ ವಚನಗಳ ತಾಡೋಲೆಯ ಕಟ್ಟುಗಳು ಭಕ್ತರ ಮನೆಯ ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ವಿರಳರಾಗಿದ್ದರು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ, ಬಿಚ್ಚಿ, ಓದಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರು ಹೊಸ ಗ್ರಂಥವನ್ನು ಸೃಷ್ಟಿಸಲಿಲ್ಲ. ನಿತ್ಯವೂ ಪೂಜಿಸುತ್ತಿದ್ದುದನ್ನು ತೆರೆದು ನೋಡಿದರು, ಅಷ್ಟೇ. ಅಷ್ಟರಿಂದಲೇ ನಾಡು ಎಚ್ಚೆತ್ತಿತು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಆದರೆ ವೇದಿಕೆಗಳ ಮೇಲೆ ನಾವು ಆಡುತ್ತಿರುವುದು ಅದೇ ಹತ್ತಿಪ್ಪತ್ತು ವಚನಗಳನ್ನು! ಸಂಪುಟಗಳು ಗಾಜಿನ ಕಪಾಟಿನಲ್ಲಿವೆ. ವಿಭೂತಿಯೊಂದು ಕಡಿಮೆ, ಉಳಿದಂತೆ ಹಳೆಯ ಕಟ್ಟುಗಳ ಗತಿಯೇ ಅವಕ್ಕೂ ಬಂದಿದೆ.

ಆ ಅಧ್ಯಾಪಕರಿಗೆ ನಾವು ಹೇಳಿದ್ದು ಇಷ್ಟೇ: “ಎಲ್ಲಿಗೂ ಹೋಗಬೇಡಿ. ಹಳೆಯ ಟಿಪ್ಪಣಿಯನ್ನು ಒಂದು ವರ್ಷ ಕಟ್ಟಿಡಿ. ಪಾಠವನ್ನು ಎಂದೂ ಓದದವರಂತೆ ಓದಿಕೊಂಡು ಹೋಗಿ. ದಿನಕ್ಕೊಬ್ಬ ಹುಡುಗನಾದರೂ ನಿಮ್ಮನ್ನು ಪ್ರಶ್ನಿಸಲಿ. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಿ.” ಮೊನ್ನೆ ಅವರ ಪತ್ರ ಬಂದಿತು. ಪದ್ಯ ಇನ್ನೂ ಹುಟ್ಟಿಲ್ಲವಂತೆ. ಆದರೆ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತ ನಡುರಾತ್ರಿಯವರೆಗೆ ಓದಿದರಂತೆ. ಬಹುಕಾಲದ ಮೇಲೆ ನಿದ್ರೆಯ ನೆನಪಾಗಲಿಲ್ಲವಂತೆ.

ಬಂಧುಗಳೇ, ಮುಂಬರುವ ಶ್ರಾವಣದಿಂದ ನಮ್ಮ ಮಠದ ಪ್ರವಚನದ ಕೊನೆಯ ಅರ್ಧಗಂಟೆಯನ್ನು ಪ್ರಶ್ನೆಗಳಿಗಾಗಿ ಮೀಸಲಿಟ್ಟಿದ್ದೇವೆ. ಹೊಗಳಿಕೆಯ ಮಾತುಗಳಿಗೆ ಅಲ್ಲಿ ಎಡೆಯಿಲ್ಲ. ನಿಮ್ಮ ನಿಮ್ಮ ಊರಿನ ಬಳಗಗಳಲ್ಲಿಯೂ ಈ ಪದ್ಧತಿಯನ್ನು ತನ್ನಿ. ಕೇಳಿದ್ದನ್ನೇ ನಾವು ಮತ್ತೆ ಹೇಳಿದರೆ ಆ ತಾಯಿಯಂತೆ ನಿಲ್ಲಿಸಿ ಕೇಳಿ. ನಿಮ್ಮನ್ನು ಕೇಳುವವರಿಗೂ ನಿಮ್ಮ ಅಂಗಳದಲ್ಲಿ ಜಾಗ ಕೊಡಿ. ಕಲ್ಲು ಬೀರಬೇಡಿ.