ಅಡ್ವಾನ್ಸ್ ಕೊಡುವ ಮುಂಚೆ ವಕೀಲರ ಹತ್ತಿರ ಹೋಗೋಣ

ನಂಜನಗೂಡಿನಿಂದ ತಿ. ನರಸೀಪುರದ ಕಡೆಗೆ ಬೈಕಿನಲ್ಲಿ ಹೊರಟರೆ ದಾರಿಯುದ್ದಕ್ಕೂ ಬೋರ್ಡುಗಳು. 'ಸೈಟುಗಳು ಮಾರಾಟಕ್ಕಿವೆ', 'ತಕ್ಷಣ ನೋಂದಣಿ', 'ಬ್ಯಾಂಕ್ ಸಾಲದ ಸೌಲಭ್ಯವಿದೆ'. ಗದ್ದೆ ಬದಿಯ ಕಲ್ಲುಕಂಬದ ಮೇಲೂ ಬ್ರೋಕರ್ ಫೋನ್ ನಂಬರ್. ಅದೇ ದಾರಿಯಲ್ಲಿ 'ಪತ್ರ ನೋಡಿಕೊಡುತ್ತೇವೆ' ಅನ್ನುವ ವಕೀಲರ ಬೋರ್ಡು ಒಂದೂ ಇಲ್ಲ. ಇರುವಂತೆಯೂ ಇಲ್ಲ. ವಕೀಲರು ಜಾಹೀರಾತು ಕೊಡಬಾರದು ಎಂಬುದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ಹಾಗಾಗಿ ಮಾರುವವರ ಮಾತು ಊರೂರಿಗೂ ತಲುಪುತ್ತದೆ, ಎಚ್ಚರಿಸಬೇಕಾದವರ ಮಾತು ಕೋರ್ಟಿನ ಗೇಟು ದಾಟುವುದಿಲ್ಲ.

ತಾಲ್ಲೂಕು ವರದಿಗಾರರಾಗಿ ಎರಡೂ ಊರಿನ ಕೋರ್ಟಿನ ಆವರಣದಲ್ಲಿ ನಿಂತು ನಾವು ಕಂಡುಕೊಂಡದ್ದು ಇಷ್ಟು: ನಮ್ಮ ಜನ ವಕೀಲರ ಬಳಿ ಹೋಗುವುದು ನೋಟಿಸ್ ಬಂದ ಮೇಲೆ. ಅಷ್ಟರಲ್ಲಿ ಹಣ ಕೈಬಿಟ್ಟಿರುತ್ತದೆ, ಪಾಯವೂ ಎದ್ದಿರುತ್ತದೆ. ಆಮೇಲೆ ವಕೀಲರು ಮಾಡಬಹುದಾದದ್ದು ಕಡಿಮೆ, ಖರ್ಚು ಮಾತ್ರ ಹೆಚ್ಚು.

ಒಂದು ಪ್ರಕರಣ ಹೇಳುತ್ತೇವೆ, ಹೆಸರು ಬೇಡ. ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕೆಲಸ ಮಾಡುವ ಒಬ್ಬರು 30x40ರ ಸೈಟ್ ಕೊಂಡರು. ಹೆಂಡತಿಯ ಒಡವೆ, ಸಂಘದ ಸಾಲ, ಚೀಟಿ ಹಣ ಎಲ್ಲವೂ ಅದಕ್ಕೇ ಹೋಯಿತು. ಇ.ಸಿ. ತೆಗೆಸಿದರು, 13 ವರ್ಷದ್ದು, ಯಾವ ತಕರಾರೂ ಇರಲಿಲ್ಲ. ನೋಂದಣಿಯೂ ಆಯಿತು. ಕೆಲವು ವರ್ಷಗಳ ನಂತರ ಮೈಸೂರಿನ ಉಪವಿಭಾಗಾಧಿಕಾರಿ ಕಚೇರಿಯಿಂದ ನೋಟಿಸ್ ಬಂತು. ಆ ಜಮೀನು ಹಿಂದೆ ಸರ್ಕಾರ ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಮಂಜೂರು ಮಾಡಿದ್ದು. ಸರ್ಕಾರದ ಅನುಮತಿ ಇಲ್ಲದೆ ಕೈ ಬದಲಾಗಿತ್ತು.

1978ರ ಪಿ.ಟಿ.ಸಿ.ಎಲ್. ಕಾಯ್ದೆಯ ಪ್ರಕಾರ ಅಂಥ ಮಾರಾಟ ಅಸಿಂಧು. ಜಮೀನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ವಾಪಸ್ ಹೋಗಬೇಕು. ತಡವಾಗಿ ಬಂದ ಅರ್ಜಿಗಳನ್ನು ಒಪ್ಪಲಾಗದು ಎಂದು 2017ರ ನಂತರ ನ್ಯಾಯಾಲಯಗಳು ಹೇಳತೊಡಗಿದಾಗ, 2023ರಲ್ಲಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಅರ್ಜಿಗೆ ಕಾಲಮಿತಿ ಇಲ್ಲ ಎಂದಿತು. ನಾವು ಆ ಕಾಯ್ದೆಯ ವಿರೋಧಿಗಳಲ್ಲ. ವಾರಸುದಾರರಾದ ಅಜ್ಜಿಯನ್ನೂ ಮಾತನಾಡಿಸಿದೆವು. 'ನಮ್ಮಪ್ಪ ಹೆಬ್ಬೆಟ್ಟು ಒತ್ತುದ್ದು ಸಾಲದ ಪತ್ರ ಅಂತ ಕಣಪ್ಪ, ಮಾರಾಟ ಅಂತ ಯಾರೂ ಹೇಳ್ನಿಲ್ಲ' ಅಂದರು. ಅವರ ಮಾತನ್ನು ಸುಳ್ಳು ಎನ್ನಲು ನಮ್ಮ ಬಳಿ ಕಾರಣವಿಲ್ಲ. ನಡುವೆ ದುಡ್ಡು ಮಾಡಿಕೊಂಡವರು ಎಲ್ಲೋ ಇದ್ದಾರೆ. ಉಪವಿಭಾಗಾಧಿಕಾರಿ ಮುಂದೆ ಎದುರುಬದುರು ನಿಂತವರು ಇಬ್ಬರು ಬಡವರು.

ಹಾಗಾದರೆ ಇ.ಸಿ.ಯಲ್ಲಿ ಇದು ಯಾಕೆ ಕಾಣಲಿಲ್ಲ? ಇ.ಸಿ. ಹೇಳುವುದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರವನ್ನು ಮಾತ್ರ, ಅದೂ ಕೇಳಿದ ಅವಧಿಯದ್ದನ್ನು. ಜಮೀನು ಮಂಜೂರಾತಿ ಇರುವುದು ತಹಶೀಲ್ದಾರ್ ಕಚೇರಿಯ ಕಡತದಲ್ಲಿ, ಸಾಗುವಳಿ ಚೀಟಿಯಲ್ಲಿ, ಕೈಬರಹದ ಹಳೇ ಪಹಣಿಯಲ್ಲಿ. ಬಾಯಿಮಾತಿನ ಭಾಗ, ನೋಂದಣಿಯಾಗದ ವಿಲ್ಲು, ಕೋರ್ಟಿನಲ್ಲಿರುವ ದಾವೆ ಸಾಮಾನ್ಯವಾಗಿ ಇ.ಸಿ.ಗೆ ಬರುವುದಿಲ್ಲ. ಖಾತೆ, ನಮೂನೆ 9, 11 ಇದ್ದರೆ ಎಲ್ಲ ಸರಿ ಅಂದುಕೊಳ್ಳುವವರೂ ಬಹಳ. ಖಾತೆ ಇರುವುದು ಕಂದಾಯ ಕಟ್ಟಲು, ಅದೊಂದೇ ಹಕ್ಕನ್ನು ಕೊಡುವುದಿಲ್ಲ. ಈ ತುಂಡುಗಳನ್ನೆಲ್ಲ ಜೋಡಿಸಿ, ಮಂಜೂರಾತಿಯಿಂದ ಇವತ್ತಿನವರೆಗೆ ಜಮೀನು ಯಾರಿಂದ ಯಾರಿಗೆ ಹೇಗೆ ಬಂತು ಎಂದು ನೋಡುವುದೇ ವಕೀಲರ ಕೆಲಸ. ಆ ದಾರಿಯಲ್ಲಿ ಒಂದು ಕೊಂಡಿ ತಪ್ಪಿದ್ದರೂ ಅವರು 'ಬೇಡ' ಅನ್ನಬೇಕು. ಆ 'ಬೇಡ'ಕ್ಕೇ ನಾವು ಫೀಸು ಕೊಡುವುದು.

ಹೆಣ್ಣುಮಕ್ಕಳ ಸಹಿಯದ್ದು ಇನ್ನೊಂದು ಕಥೆ. ಅಣ್ಣತಮ್ಮಂದಿರು ಸಹಿ ಹಾಕಿ ಪಿತ್ರಾರ್ಜಿತ ಜಮೀನು ಮಾರುತ್ತಾರೆ. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಯಾರೂ ಕೇಳುವುದಿಲ್ಲ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ಆಗ ತಂದೆ ಬದುಕಿರಬೇಕಿತ್ತು ಎಂಬ ಷರತ್ತು ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಆದ ಮಾರಾಟಕ್ಕೆ, ನೋಂದಾಯಿತ ವಿಭಾಗಕ್ಕೆ ರಕ್ಷಣೆ ಇದೆ. ಹಾಗಾಗಿ ವಕೀಲರು ಮೊದಲು ಕೇಳುವುದು ವಂಶವೃಕ್ಷ. ಬ್ರೋಕರ್ ಮೊದಲು ಕೇಳುವುದು ಅಡ್ವಾನ್ಸ್.

'ಬ್ಯಾಂಕ್‌ನವರ ವಕೀಲರು ನೋಡವ್ರಲ್ಲ ಸಾ' ಎಂಬ ಉತ್ತರವನ್ನು ನೂರು ಸಲ ಕೇಳಿದ್ದೇವೆ. ಅವರು ನೋಡುವುದು ಬ್ಯಾಂಕಿನ ಸಾಲದ ಭದ್ರತೆಗೆ. ಅವರ ಕಕ್ಷಿದಾರ ಬ್ಯಾಂಕು, ನೀವಲ್ಲ. ಮಾರುವವರೇ ಕರೆತಂದ ವಕೀಲರದ್ದೂ ಇದೇ ಮಾತು. ಒಬ್ಬರೇ ವಕೀಲರು ಎರಡೂ ಕಡೆಗೆ ಪತ್ರ ಮಾಡಿದರೆ ಖರ್ಚು ಉಳಿಯುತ್ತದೆ ನಿಜ, ಜಗಳ ಬಂದ ದಿನ ನಿಮ್ಮ ಪರ ಯಾರೂ ಉಳಿಯುವುದಿಲ್ಲ.

ಜಿ.ಪಿ.ಎ. ಮೇಲೆ ಸೈಟ್ ಕೊಂಡವರಿಗೂ ಒಂದು ಮಾತು. ಜಿ.ಪಿ.ಎ., ಕ್ರಯದ ಕರಾರು ಇವುಗಳಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಕರಾರು ಮಾಡಿಕೊಂಡು ಕ್ರಯಪತ್ರ ಆಗದಿದ್ದರೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಮೂರು ವರ್ಷದ ಗಡುವು. 'ಮಾಡುಸ್ಕೊಡ್ತೀನಿ ಇರಿ' ಎನ್ನುವ ಮಾತಿನಲ್ಲೇ ಆ ಮೂರು ವರ್ಷ ಕಳೆದುಹೋಗುತ್ತದೆ.

ವ್ಯಾಪಾರದಲ್ಲೂ ಇದೇ ಹಾಡು. ನರಸೀಪುರದಲ್ಲಿ ಇಬ್ಬರು ಸ್ನೇಹಿತರು ಸೇರಿ ಶಾಮಿಯಾನ ಅಂಗಡಿ ಹಾಕುತ್ತಾರೆ. ಯಾರದೆಷ್ಟು ಬಂಡವಾಳ, ಬಿಟ್ಟುಹೋದರೆ ಲೆಕ್ಕ ಹೇಗೆ, ಒಂದು ಹಾಳೆಯಲ್ಲೂ ಇಲ್ಲ. ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ತನ್ನ ಒಪ್ಪಂದದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾಗದು ಎಂದು 1932ರ ಕಾಯ್ದೆ ಹೇಳುತ್ತದೆ. ಬಾಕಿ ಲಕ್ಷಗಟ್ಟಲೆ ನಿಂತಾಗಲೇ ಅದು ಗೊತ್ತಾಗುವುದು. ಚೆಕ್ ಬೌನ್ಸ್ ಆದರೆ, ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ 15 ದಿನದಲ್ಲಿ ಹಣ ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು ಸಲ್ಲಿಸಬೇಕು. 'ಹಬ್ಬ ಕಳೀಲಿ, ಕೊಡ್ತಾನೆ' ಎಂದು ಕಾದ ವ್ಯಾಪಾರಿಗಳು ಈ ದಿನಗಳನ್ನು ಕಳೆದುಕೊಂಡಿದ್ದನ್ನು ನೋಡಿದ್ದೇವೆ. ಬೇಕಾಗಿದ್ದದ್ದು ಒಂದು ಗಂಟೆಯ ಸಲಹೆ.

'ವಕೀಲರಿಗೆ ದುಡ್ಡು ಎಲ್ಲಿಂದ ತರೋದು' ಎಂಬ ಪ್ರಶ್ನೆ ಸಣ್ಣದಲ್ಲ. ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇ 5, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಹತ್ತು ಲಕ್ಷದ ಸೈಟಿಗೆ ಇವೆರಡೇ 70 ಸಾವಿರ, ಸೆಸ್ ಬೇರೆ. ಅಷ್ಟು ಕಟ್ಟಿದವರಿಗೆ ಇನ್ನೊಂದು ಖರ್ಚು ಭಾರವೇ. ಪತ್ರ ಬರಹಗಾರರಲ್ಲಿ ಅನುಭವಸ್ಥರು, ಪ್ರಾಮಾಣಿಕರು ಇದ್ದಾರೆ, ಅವರನ್ನು ಹಗುರ ಮಾಡುವುದಿಲ್ಲ. ಆದರೆ ಅವರು ಪತ್ರ ಬರೆಯುತ್ತಾರೆ, ಹಕ್ಕಿನ ಮೂಲ ಹುಡುಕುವುದು ಅವರ ಕೆಲಸವಲ್ಲ. ವಕೀಲರಲ್ಲೂ ಎಲ್ಲರೂ ಒಂದೇ ಅಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಪುಟದ ಅಭಿಪ್ರಾಯ ಕೊಟ್ಟು, ಅದನ್ನು ಕೊಳ್ಳುವವರಿಗೆ ಓದಿಹೇಳದೆ ಕಳಿಸುವವರನ್ನೂ ಕಂಡಿದ್ದೇವೆ.

ಹಾಗಾಗಿ ನಮ್ಮ ಒತ್ತಾಯ ಎರಡು. ಒಂದು, ಎರಡೂ ತಾಲ್ಲೂಕಿನ ವಕೀಲರ ಸಂಘಗಳು ಆಸ್ತಿಪತ್ರಗಳ ಅಭಿಪ್ರಾಯವನ್ನು ಕನ್ನಡದಲ್ಲಿ, 'ಕೊಳ್ಳಬಹುದು', 'ಕೊಳ್ಳಬೇಡಿ', 'ಇಂಥ ದಾಖಲೆ ತಂದ ಮೇಲೆ ಕೊಳ್ಳಿ' ಎಂಬ ಸ್ಪಷ್ಟ ಕೊನೆಮಾತಿನೊಂದಿಗೆ ಕೊಡುವ ರೂಢಿ ಮಾಡಬೇಕು. ಎರಡು, ತಾಲ್ಲೂಕು ಕಾನೂನು ಸೇವಾ ಸಮಿತಿ ತಿಂಗಳಿಗೆ ಒಂದು ದಿನ ಪತ್ರ ನೋಡುವ ದಿನ ಇಡಬೇಕು. 1987ರ ಕಾಯ್ದೆಯಲ್ಲಿ ಕಾನೂನು ಸೇವೆ ಎಂದರೆ ಕೇಸು ನಡೆಸುವುದಷ್ಟೇ ಅಲ್ಲ, ಸಲಹೆ ಕೊಡುವುದೂ ಸೇರಿದೆ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಕೈಗಾರಿಕಾ ಕಾರ್ಮಿಕರು ಅದಕ್ಕೆ ಅರ್ಹರು. ಹಾರ, ಶಾಲು, ಭಾಷಣದ ಅರಿವು ಶಿಬಿರಗಳ ಸುದ್ದಿ ನಾವೇ ಎಷ್ಟೋ ಬರೆದಿದ್ದೇವೆ. ಅದೇ ಶಾಮಿಯಾನದಡಿ ಒಂದು ಮೇಜು ಹಾಕಿ ಪಹಣಿ, ಇ.ಸಿ. ಬಿಡಿಸಿ ನೋಡಿದರೆ ಸಾಕು.

ಕೊನೆಗೆ ನಮ್ಮ ಮಾತು. ತಾಲ್ಲೂಕು ವರದಿಗಾರರ ಹೊಟ್ಟೆಪಾಡು ನಡೆಯುವುದು ಸುದ್ದಿಯಿಂದಲ್ಲ, ಜಾಹೀರಾತಿನ ಕಮಿಷನ್‌ನಿಂದ. ಹಬ್ಬದ ಪುರವಣಿಗೆ ಲೇಔಟಿನ ಜಾಹೀರಾತು ತಂದವರು ನಾವು. ಪತ್ರ ಸರಿ ಇದೆಯೇ ಎಂದು ಒಂದು ದಿನವೂ ಕೇಳಲಿಲ್ಲ. ಆ ಕಾರ್ಮಿಕ ಕೊಂಡ ಸೈಟ್ ಅಂಥದ್ದೇ ಒಂದು ಜಾಹೀರಾತಿನದ್ದು. ಮಡಚಿಟ್ಟ ಆ ಪುಟವನ್ನು ಅವರು ನಮ್ಮ ಮುಂದೆ ಬಿಡಿಸಿದಾಗ ಹೇಳಲು ನಮ್ಮ ಬಳಿ ಏನೂ ಇರಲಿಲ್ಲ. ಅಂದಿನಿಂದ ಲೇಔಟಿನ ಜಾಹೀರಾತು ತರುವ ಮುಂಚೆ ಭೂಪರಿವರ್ತನೆ ಆದೇಶ, ಬಡಾವಣೆ ನಕ್ಷೆಯ ಮಂಜೂರಾತಿ, ರೇರಾ ಬೇಕಾದಲ್ಲಿ ಅದರ ಸಂಖ್ಯೆ ಕೇಳುತ್ತಿದ್ದೇವೆ. ಈ ವರ್ಷ ಎರಡು ಜಾಹೀರಾತು ಕೈತಪ್ಪಿದವು. ಹೋಗಲಿ.

ಈ ಭಾನುವಾರ ಸೈಟ್ ನೋಡಲು ಹೊರಟಿದ್ದರೆ ನೋಡಿಬನ್ನಿ, ಅಡ್ವಾನ್ಸ್ ಮಾತ್ರ ಜೇಬಿನಲ್ಲೇ ಇರಲಿ. ಸೋಮವಾರ ಪತ್ರಗಳ ಜೆರಾಕ್ಸ್ ಹಿಡಿದು, ನೀವೇ ಆರಿಸಿಕೊಂಡ ವಕೀಲರ ಹತ್ತಿರ ಹೋಗಿ.